ಧರ್ಮವನ್ನು ಅಳೆಯುವ ಕೋಲು: ಮಾನವಶಾಸ್ತ್ರದ ವ್ಯಾಖ್ಯೆಗಳಿಗೆ ಬನ್ನೂರು ಸೀಮೆಯಲ್ಲೊಂದು ಪರೀಕ್ಷೆ

2019ರ ಡಿಸೆಂಬರ್ 26ರ ಬೆಳಿಗ್ಗೆ ದಕ್ಷಿಣ ಕರ್ನಾಟಕದಲ್ಲಿ ಸೂರ್ಯಗ್ರಹಣ ಕಾಣಿಸಿತು. ಕೊಡಗಿನ ಕುಟ್ಟದ ಆಸುಪಾಸಿನಲ್ಲಿ ಅದು ಕಂಕಣ ಗ್ರಹಣ. ನಮ್ಮ ಮೈಸೂರು ಭಾಗದಲ್ಲಿ ಸೂರ್ಯನ ಬಹುಭಾಗ ಮರೆಯಾದ ಪಾರ್ಶ್ವ ಗ್ರಹಣ. ಬನ್ನೂರು ಬಳಿಯ ಒಂದು ಹಳ್ಳಿಯ ಶಾಲೆಯಲ್ಲಿ ನಾವು ಕೆಲವರು ಗ್ರಹಣ ವೀಕ್ಷಣೆಯ ಕಾರ್ಯಕ್ರಮ ಇಟ್ಟುಕೊಂಡಿದ್ದೆವು. ರಟ್ಟಿನ ಪೆಟ್ಟಿಗೆಗೆ ಸೂಜಿರಂಧ್ರ ಮಾಡಿ ಬಿಂಬ ತೋರಿಸುವುದು, ಚೆಂಡು ಮತ್ತು ದೀಪ ಇಟ್ಟು ನೆರಳಿನ ವಿವರಣೆ ಕೊಡುವುದು ಮುಂತಾದ ಎಂದಿನ ಚಟುವಟಿಕೆಗಳು. ವಿದ್ಯಾರ್ಥಿನಿಯೊಬ್ಬಳು ತನ್ನ ಅತ್ತಿಗೆ ತುಂಬು ಗರ್ಭಿಣಿಯೆಂದೂ, ಹಿಂದಿನ ರಾತ್ರಿಯಿಂದ ಏನನ್ನೂ ತಿಂದಿಲ್ಲವೆಂದೂ ಹೇಳಿದಳು. ನಾನು ಚೆಂಡು, ದೀಪಗಳನ್ನು ಹಿಡಿದುಕೊಂಡೇ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕುಳಿತಿದ್ದ ಅಜ್ಜಿಗೆ ಐದು ನಿಮಿಷ ವಿವರಿಸಿದೆ. ಅವರು ಪೂರ್ತಿ ಕೇಳಿ, "ಚಂದ್ರ ಅಡ್ಡ ಬತ್ತಾನೆ ಅಂತ ನಂಗೂ ಗೊತ್ತು ಮೇಷ್ಟ್ರೇ. ಮೊಮ್ಮಗಳು ಓದೋದು ಕೇಳಿಸ್ಕಂಡಿವ್ನಿ. ಅದ್ಕೂ ಇದ್ಕೂ ಏನು?" ಎಂದರು.

ನನ್ನ ಬಳಿ ಉತ್ತರವಿರಲಿಲ್ಲ. ಆ ಹೆಣ್ಣುಮಗಳು ಊಟ ಮಾಡಿದ್ದು ಗ್ರಹಣ ಬಿಟ್ಟು, ಮನೆ ತೊಳೆದು, ಎಲ್ಲರ ಸ್ನಾನವಾದ ಮೇಲೆಯೇ. ಮೂವತ್ತು ವರ್ಷ ಭೌತವಿಜ್ಞಾನ ಕಲಿಸಿದ ನನಗೆ ಆ ದಿನ ತಿಳಿದದ್ದೆಂದರೆ, ಗ್ರಹಣದ ಬಗ್ಗೆ ನನ್ನ ವಿವರಣೆ ಸರಿಯಾಗಿತ್ತು, ಅಜ್ಜಿಯ ಆಚರಣೆಯ ಬಗ್ಗೆ ನನ್ನ ತಿಳಿವಳಿಕೆ ತಪ್ಪಾಗಿತ್ತು. ಆಚರಣೆ ಇರುವುದು ಅಜ್ಞಾನದಿಂದ, ಜ್ಞಾನ ಕೊಟ್ಟರೆ ಆಚರಣೆ ಬಿಡುತ್ತದೆ ಎಂದು ನಾನು ನಂಬಿದ್ದೆ. ಈ ನಂಬಿಕೆಗೂ ಒಂದು ಮೂಲಪುರುಷ ಇದ್ದಾನೆ ಎಂಬುದು ಆಮೇಲೆ ಮಾನವಶಾಸ್ತ್ರದ ಪುಸ್ತಕಗಳನ್ನು ತೆರೆದಾಗ ತಿಳಿಯಿತು. ಧರ್ಮ ಎಂದರೇನು ಎಂಬುದಕ್ಕೆ ಆ ಶಾಸ್ತ್ರದವರು ಕೊಟ್ಟಿರುವ ವ್ಯಾಖ್ಯೆಗಳಲ್ಲಿ ಮುಖ್ಯವಾದ ಕೆಲವನ್ನು ನಮ್ಮ ಸೀಮೆಯ ಸಂಗತಿಗಳ ಎದುರಿಗಿಟ್ಟು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ವ್ಯಾಖ್ಯೆಯೂ ಒಂದು ಉಪಕರಣ

ವ್ಯಾಖ್ಯೆಗಳ ಬಗ್ಗೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಅನುಭವ ಈಗಾಗಲೇ ಇದೆ. 2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಗ್ರಹ ಎಂಬ ಪದಕ್ಕೆ ಮೂರು ಷರತ್ತುಗಳ ವ್ಯಾಖ್ಯೆ ಕೊಟ್ಟಿತು. ಪ್ಲೂಟೊ ಗ್ರಹಗಳ ಪಟ್ಟಿಯಿಂದ ಹೊರಬಿತ್ತು. ಪ್ಲೂಟೊದ ರಾಶಿ, ಕಕ್ಷೆ ಯಾವುದೂ ಆ ದಿನ ಬದಲಾಗಲಿಲ್ಲ. ಬದಲಾದದ್ದು ನಮ್ಮ ಅಳತೆಗೋಲು. ಆದ್ದರಿಂದ ಒಂದು ವ್ಯಾಖ್ಯೆಯನ್ನು 'ಸತ್ಯವೇ?' ಎಂದು ಕೇಳುವುದಕ್ಕಿಂತ, ಅದು ಯಾವುದನ್ನು ಅಳೆಯುತ್ತದೆ, ಯಾವುದನ್ನು ಅಳೆಯದೆ ಬಿಡುತ್ತದೆ ಎಂದು ಕೇಳುವುದು ಹೆಚ್ಚು ಉಪಯುಕ್ತ. ಉಷ್ಣತಾಮಾಪಕದಿಂದ ಒತ್ತಡ ಅಳೆಯಲು ಹೊರಟರೆ ತಪ್ಪು ಮಾಪಕದ್ದಲ್ಲ.

ಟೈಲರ್: ಧರ್ಮವೆಂದರೆ ನಂಬಿಕೆ

1871ರಲ್ಲಿ ಎಡ್ವರ್ಡ್ ಟೈಲರ್ ತನ್ನ 'ಪ್ರಿಮಿಟಿವ್ ಕಲ್ಚರ್' ಗ್ರಂಥದಲ್ಲಿ ಧರ್ಮಕ್ಕೆ ಅತ್ಯಂತ ಚಿಕ್ಕ ವ್ಯಾಖ್ಯೆ ಕೊಟ್ಟ. ದೇಹವಿಲ್ಲದ ಚೇತನಗಳು ಇವೆಯೆಂಬ ನಂಬಿಕೆಯೇ ಧರ್ಮ ಎಂಬುದು ಅದರ ಸಾರ. ಕನಸು, ಸಾವು ಮುಂತಾದವನ್ನು ವಿವರಿಸಲು ಆದಿಮಾನವ ಆತ್ಮವನ್ನು ಕಲ್ಪಿಸಿಕೊಂಡ; ಅದೇ ಬೆಳೆದು ದೇವರಾಯಿತು ಎಂಬುದು ಆತನ ವಾದ. ಕೆಲವು ಆಚಾರಗಳು ಅರ್ಥ ಕಳೆದುಕೊಂಡ ಮೇಲೂ ಪಳೆಯುಳಿಕೆಗಳ ಹಾಗೆ ಉಳಿದುಬರುತ್ತವೆ ಎಂದೂ ಆತ ಹೇಳಿದ. ನಂತರ ಬಂದ ಜೇಮ್ಸ್ ಫ್ರೇಜರ್ 1890ರಲ್ಲಿ ಮೊದಲು ಪ್ರಕಟವಾದ 'ದಿ ಗೋಲ್ಡನ್ ಬೋ' ಗ್ರಂಥವನ್ನು ಮುಂದಿನ ಆವೃತ್ತಿಗಳಲ್ಲಿ ಬೆಳೆಸುತ್ತಾ, ಮನುಷ್ಯಚಿಂತನೆಯನ್ನು ಮಾಟ, ಧರ್ಮ, ವಿಜ್ಞಾನ ಎಂಬ ಮೂರು ಮೆಟ್ಟಿಲುಗಳಾಗಿ ಜೋಡಿಸಿದ.

ನಮ್ಮ ವಿಜ್ಞಾನ ಶಿಕ್ಷಕರಲ್ಲಿ ಬಹುಮಂದಿ ಟೈಲರನ ಹೆಸರು ಕೇಳದೆಯೇ ಟೈಲರನ ಶಿಷ್ಯರು. ಧರ್ಮವೆಂದರೆ ಸೋತುಹೋದ ಭೌತವಿಜ್ಞಾನ ಎಂಬ ಎಣಿಕೆ ನಮ್ಮದು. ಈ ಎಣಿಕೆಯನ್ನು ನಮ್ಮ ಸೀಮೆಯಲ್ಲಿ ಪರೀಕ್ಷಿಸೋಣ.

ತಿರುಮಕೂಡಲು ನರಸೀಪುರದಲ್ಲಿ ಕಾವೇರಿ ಮತ್ತು ಕಪಿಲಾ ನದಿಗಳು ಸೇರುತ್ತವೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲಿ ಸೇರುತ್ತದೆಂಬ ನಂಬಿಕೆಯಿಂದ ಅದು ತ್ರಿವೇಣಿ ಸಂಗಮ. ಅಲ್ಲಿ ಕುಂಭಮೇಳ ಆರಂಭವಾದದ್ದು 1989ರಲ್ಲಿ. ಮೂರು ವರ್ಷಕ್ಕೊಮ್ಮೆ ಎಂಬ ಕ್ರಮದಲ್ಲಿ ನಡೆದುಬಂದು, ನಡುವೆ ಕೋವಿಡ್‌ನಿಂದ ತಪ್ಪಿ, 2025ರ ಫೆಬ್ರವರಿಯಲ್ಲಿ ಮತ್ತೆ ನಡೆಯಿತು. ಇದು ಯಾವ ಅರ್ಥದಲ್ಲಿ ಪಳೆಯುಳಿಕೆ? ಅದರ ಹುಟ್ಟಿದ ವರ್ಷ ನಮ್ಮ ತಲೆಮಾರಿನವರಿಗೆಲ್ಲ ಗೊತ್ತು. ಕಾಲೇಜು ಮೆಟ್ಟಿಲು ಹತ್ತಿದವರು, ಸೇತುವೆ ಕಟ್ಟಿದ ಎಂಜಿನಿಯರುಗಳು ಅಲ್ಲಿ ಮುಳುಗಿ ಏಳುತ್ತಾರೆ. ಇನ್ನು ತಲಕಾಡಿನ ಪಂಚಲಿಂಗ ದರ್ಶನ 2009, 2013 ಮತ್ತು 2020ರಲ್ಲಿ ನಡೆಯಿತು. ಅದರ ದಿನ ಗೊತ್ತುಮಾಡುವುದು ಕಾರ್ತಿಕ ಮಾಸದ ಸೋಮವಾರ, ಚಂದ್ರನ ತಿಥಿ, ನಕ್ಷತ್ರಗಳ ಲೆಕ್ಕದ ಮೇಲೆ. ಚಂದ್ರನ ಗತಿಯ ಲೆಕ್ಕ ತಿಳಿದವರೂ ಪೂಜೆಗೆ ದಿನ ನಿಗದಿ ಮಾಡುವವರೂ ಇಲ್ಲಿ ಒಬ್ಬರೇ. ಉಪಗ್ರಹ ಉಡಾವಣೆಗೆ ಮುನ್ನ ನಮ್ಮ ಬಾಹ್ಯಾಕಾಶ ಸಂಸ್ಥೆಯ ಮುಖ್ಯಸ್ಥರು ರಾಕೆಟ್ಟಿನ ಪುಟ್ಟ ಮಾದರಿಯೊಂದಿಗೆ ತಿರುಪತಿಗೆ ಹೋದದ್ದೂ ಪತ್ರಿಕೆಗಳಲ್ಲಿ ಬಂದಿದೆ. ನ್ಯೂಟನ್ನನ ನಿಯಮ ಅವರಿಗೆ ಗೊತ್ತಿಲ್ಲವೆಂದು ಯಾರೂ ಹೇಳಲಾರರು. ಫ್ರೇಜರನ ಮೂರು ಮೆಟ್ಟಿಲುಗಳ ಮೇಲೂ ಒಬ್ಬನೇ ಮನುಷ್ಯ ಏಕಕಾಲಕ್ಕೆ ನಿಂತಿರುತ್ತಾನೆ. ಅಂದಮೇಲೆ ಅವು ಮೆಟ್ಟಿಲುಗಳಲ್ಲ.

ಮಲಿನೋವ್ಸ್ಕಿ: ಧೈರ್ಯ ತುಂಬುವ ಆಚರಣೆ

ಟೈಲರ್ ಕುಳಿತಲ್ಲೇ ಇತರರ ವರದಿಗಳನ್ನು ಓದಿ ಬರೆದವನು. ಬ್ರಾನಿಸ್ಲಾವ್ ಮಲಿನೋವ್ಸ್ಕಿ ಮೊದಲ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್‌ನ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಜನರ ನಡುವೆಯೇ ಬಾಳಿ ನೋಡಿದವನು. ತೀರದ ಒಳಗಿನ ಶಾಂತ ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಅಲ್ಲಿನವರು ಮಾಟಮಂತ್ರ ಮಾಡುವುದಿಲ್ಲ. ತೆರೆದ ಕಡಲಿಗೆ ಹೋಗುವಾಗ ಮಾತ್ರ ವಿಸ್ತಾರವಾಗಿ ಮಾಡುತ್ತಾರೆ ಎಂಬುದು 1925ರ ಪ್ರಬಂಧದಲ್ಲಿ ಆತ ಕೊಟ್ಟ ಪ್ರಸಿದ್ಧ ನಿದರ್ಶನ. ಕೌಶಲ ಮುಗಿದು ಅನಿಶ್ಚಿತತೆ ಆರಂಭವಾಗುವಲ್ಲಿ ಆಚರಣೆ ಹುಟ್ಟುತ್ತದೆ ಎಂದು ಇದರ ಅರ್ಥ.

ಇದು ಪರೀಕ್ಷೆಗೆ ಒಗ್ಗುವ ಹೇಳಿಕೆ. ಆದ್ದರಿಂದ ಭೌತವಿಜ್ಞಾನಿಗೆ ಇಷ್ಟವಾಗುತ್ತದೆ. ಬನ್ನೂರು ಸೀಮೆಯಲ್ಲಿ ಈ ಪ್ರಯೋಗಕ್ಕೆ ಬೇಕಾದ ಎರಡು ಸ್ಥಿತಿಗಳೂ ಇವೆ: ನಾಲೆ ನೀರಿನ ಗದ್ದೆ ಮತ್ತು ಮಳೆ ನಂಬಿದ ಬೆದ್ದಲು. ನಾನು ಹುಡುಗನಾಗಿದ್ದಾಗ ಮಳೆ ತಡವಾದರೆ ಹಿರಿಯರು ದೇವರ ಮುಂದೆ ಕುಳಿತು ಹೂ ಕೇಳುತ್ತಿದ್ದರು. ಬಲಗಡೆಯ ಹೂ ಬಿದ್ದರೆ ಒಪ್ಪಿಗೆ, ಎಡಗಡೆ ಬಿದ್ದರೆ ಇಲ್ಲ. ಬಹಳ ಹೊತ್ತು ಯಾವ ಹೂವೂ ಬೀಳದಿದ್ದರೆ, "ಕೊಡ್ತೀಯೋ ಇಲ್ವೋ, ನಿನ್ನ ಬಾಗಿಲು ಹಾಕ್ಕಂಡು ಹೋಗ್ಬೇಕಾ?" ಎಂದು ದೇವರನ್ನೇ ಗದರುವವರಿದ್ದರು. ನಾಲೆ ಬಂದ ಊರುಗಳಲ್ಲಿ ಮಳೆಗಾಗಿ ಹೂ ಕೇಳುವುದು ನಾನು ಕಂಡಂತೆ ಕಡಿಮೆಯಾಗಿದೆ. ಇಲ್ಲಿಯವರೆಗೆ ಮಲಿನೋವ್ಸ್ಕಿ ಗೆದ್ದ. ಆದರೆ ಅದೇ ಊರುಗಳಲ್ಲಿ ಜಾತ್ರೆ ಕುಗ್ಗಲಿಲ್ಲ. ಭತ್ತ, ಕಬ್ಬಿನ ಹಣ ಬಂದ ಮೇಲೆ ಹಿಗ್ಗಿತು. ಬನ್ನೂರಿನ ಹೇಮಾದ್ರಾಂಬೆಯ ಜಾತ್ರೆಗೆ ದೂರದ ನಗರಗಳಲ್ಲಿ ಸಂಬಳದ ಕೆಲಸದಲ್ಲಿರುವ ಮಕ್ಕಳೂ ರಜೆ ಹಾಕಿ ಬರುತ್ತಾರೆ. ಭಯ ಕಳೆದ ಮೇಲೂ ಉಳಿದು ಬೆಳೆಯುವುದನ್ನು ಭಯದಿಂದ ವಿವರಿಸಲಾಗದು. ಒಬ್ಬನ ನೋಟ ಅಂಕಿಅಂಶವಲ್ಲ ಎಂಬುದು ನಿಜ. ಆದರೆ ಒಂದು ನಿಯಮವನ್ನು ಅನುಮಾನಿಸಲು ಇಷ್ಟು ಸಾಕು.

ಶ್ರೀನಿವಾಸ್ ಕಂಡ ಹಳ್ಳಿ

ಇಲ್ಲಿ ನಮ್ಮವರೇ ಆದ ಎಂ.ಎನ್.ಶ್ರೀನಿವಾಸ್ ಅವರನ್ನು ನೆನೆಯಬೇಕು. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಆಕ್ಸ್‌ಫರ್ಡ್‌ನಲ್ಲಿ ರ್‍ಯಾಡ್‌ಕ್ಲಿಫ್-ಬ್ರೌನ್ ಮತ್ತು ಇವಾನ್ಸ್-ಪ್ರಿಚರ್ಡ್ ಅವರ ಬಳಿ ಕಲಿತರು. 1952ರಲ್ಲಿ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು. 1948ರಲ್ಲಿ ಅವರು ಕ್ಷೇತ್ರಕಾರ್ಯ ನಡೆಸಿದ್ದು ಬನ್ನೂರಿಗೆ ಸಮೀಪದ ಕೊಡಗಹಳ್ಳಿಯಲ್ಲಿ. ಪುಸ್ತಕದಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಅಧ್ಯಯನ ಕೇಂದ್ರದಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರು ಸಂಸ್ಕರಿಸಿಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆಗ ನೆನಪಿನಿಂದಲೇ ಬರೆದು 1976ರಲ್ಲಿ ಪ್ರಕಟಿಸಿದ್ದು 'ದಿ ರಿಮೆಂಬರ್ಡ್ ವಿಲೇಜ್'.

ಶ್ರೀನಿವಾಸರ ಹಿಂದೆ ಫ್ರಾನ್ಸಿನ ಎಮಿಲ್ ದರ್ಖೈಮ್ ಇದ್ದಾನೆ. 1912ರ ತನ್ನ ಗ್ರಂಥದಲ್ಲಿ ಆತ, ಪವಿತ್ರವೆಂದು ಪ್ರತ್ಯೇಕಿಸಿದ ಸಂಗತಿಗಳನ್ನು ಕುರಿತ ನಂಬಿಕೆ ಮತ್ತು ಆಚರಣೆಗಳು ಜನರನ್ನು ಒಂದು ನೈತಿಕ ಸಮುದಾಯವಾಗಿ ಬೆಸೆಯುವುದೇ ಧರ್ಮ ಎಂದಿದ್ದ. ಟೈಲರನದು ಒಬ್ಬನೇ ಕುಳಿತು ಯೋಚಿಸುವ ಮನುಷ್ಯನ ಧರ್ಮ. ದರ್ಖೈಮನದು ಜೊತೆಗೂಡಿ ಕುಣಿಯುವವರ ಧರ್ಮ. ಕೊಡವರ ಒಕ್ಕ, ಊರು, ನಾಡು ಎಂಬ ಬಳಗಗಳು ಹಬ್ಬಗಳಲ್ಲಿ ಹೇಗೆ ಕಟ್ಟಿಕೊಳ್ಳುತ್ತವೆ ಎಂಬುದನ್ನು ಶ್ರೀನಿವಾಸ್ ಈ ಕೋಲಿನಿಂದ ಅಳೆದರು. ಗ್ರಂಥಗಳಿಂದ ಕಾಣುವ ಸಮಾಜ ಬೇರೆ, ಹೊಲ-ಜಗಲಿಗಳಲ್ಲಿ ಕಾಣುವ ಸಮಾಜ ಬೇರೆ ಎಂಬ ಅವರ ಎಚ್ಚರಿಕೆ ನಮ್ಮ ಪ್ರಯೋಗಶಾಲೆಯ ಎಚ್ಚರಿಕೆಯೇ ಆಗಿದೆ. ಹಳ್ಳಿಯಲ್ಲಿ ಅವರು ಸ್ನಾನದ ನಂತರ ಕ್ಷೌರ ಮಾಡಿಕೊಂಡಾಗ ಊರವರು ಆಕ್ಷೇಪಿಸಿದರಂತೆ. ಬ್ರಾಹ್ಮಣನಾದವನು ಮೊದಲು ಕ್ಷೌರ, ಆಮೇಲೆ ಸ್ನಾನ ಮಾಡಬೇಕು. ಅವರ ನಂಬಿಕೆಗಳೇನು ಎಂದು ಯಾರೂ ಕೇಳಲಿಲ್ಲ. ನಡವಳಿಕೆ ಮಾತ್ರ ಕ್ರಮವಾಗಿರಬೇಕಿತ್ತು.

ದರ್ಖೈಮನ ಕೋಲು ನಮ್ಮ ಭಾಷೆಗೂ ಹೊಂದುತ್ತದೆ. ಹೊಸಬರನ್ನು ನಮ್ಮ ಕಡೆ 'ನೀವು ದೇವರನ್ನು ನಂಬುತ್ತೀರಾ?' ಎಂದು ಕೇಳುವುದಿಲ್ಲ. 'ನಿಮ್ಮ ಮನೆದೇವರು ಯಾವುದು? ಯಾವ ದೇವರ ಒಕ್ಕಲು?' ಎಂದು ಕೇಳುತ್ತಾರೆ. ಒಕ್ಕಲು ಎಂದರೆ ಕುಟುಂಬವೂ ಹೌದು, ಇನ್ನೊಬ್ಬರ ನೆಲದಲ್ಲಿ ಉಳುವವನೂ ಹೌದು. ಅದು ಸಂಬಂಧದ ಮಾತು, ಅಭಿಪ್ರಾಯದ ಮಾತಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ರಂಗನಾಥ ಭಾವ. ಅವರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು. ನಂಜನಗೂಡಿನ ನಂಜುಂಡೇಶ್ವರ ಟಿಪ್ಪು ಸುಲ್ತಾನನ ಆನೆಯ ಕಣ್ಣು ವಾಸಿಮಾಡಿದನೆಂಬ ಐತಿಹ್ಯದಿಂದ ಹಕೀಂ ನಂಜುಂಡನಾದ. ಭಾವನೆಂದೂ ಹಕೀಮನೆಂದೂ ಕರೆಯುವಾಗ ಜನ ಒಂದು ಸಿದ್ಧಾಂತವನ್ನು ಒಪ್ಪುತ್ತಿಲ್ಲ, ನಂಟು ಹೇಳಿಕೊಳ್ಳುತ್ತಿದ್ದಾರೆ. ಅಜ್ಜಿ ನನಗೆ ಹೇಳಿದ್ದೂ ಇದನ್ನೇ.

ಈ ಕೋಲಿಗೆ ಕಾಣದ್ದು

ಆದರೂ ಈ ವ್ಯಾಖ್ಯೆಯನ್ನು ಹಾಗೆಯೇ ಒಪ್ಪುವಂತಿಲ್ಲ. ಧರ್ಮ ಬೆಸೆಯುತ್ತದೆ ಎಂದಾಗ ಯಾರನ್ನು ಯಾರೊಂದಿಗೆ ಎಂದು ಕೇಳಬೇಕು. ಊರಹಬ್ಬದಲ್ಲಿ ತಮಟೆ ಬಡಿಯುವವರು ಗುಡಿಯ ಹೊರಗೆ ನಿಂತರೆ, ಅವರೂ ಬೆಸುಗೆಯ ಭಾಗ ಎಂದು ಬರೆಯುವುದು ಲೇಖಕನಿಗೆ ಸುಲಭ, ಹೊರಗೆ ನಿಂತವರಿಗೆ ಕಷ್ಟ. ವ್ಯವಸ್ಥೆಯ ಎಲ್ಲ ಅಂಗಗಳೂ ಒಂದಕ್ಕೊಂದು ಒದಗುತ್ತವೆ ಎಂದು ಹೊರಟವನಿಗೆ ಘರ್ಷಣೆ ಕಾಣುವುದಿಲ್ಲ. ಘರ್ಷಣೆಯನ್ನು ಶೂನ್ಯವೆಂದು ಭಾವಿಸಿ ಲೆಕ್ಕ ಬಿಡಿಸುವ ನಮ್ಮ ಅಭ್ಯಾಸದಂತೆಯೇ ಇದು. ಲೆಕ್ಕ ಸುಲಭವಾಗುತ್ತದೆ, ಆದರೆ ಗಾಡಿ ಹಾಗೆ ಓಡುವುದಿಲ್ಲ. ತಾವು ಹಳ್ಳಿಯನ್ನು ಮೇಲುಜಾತಿಯವರ ಕೇರಿಗಳಿಂದ ನೋಡಿದ್ದು ಹೆಚ್ಚು ಎಂಬುದನ್ನು ಶ್ರೀನಿವಾಸರೇ ಒಪ್ಪಿಕೊಂಡಿದ್ದಾರೆ. ಈ ಪ್ರಾಮಾಣಿಕತೆ ಪುಸ್ತಕದ ದೊಡ್ಡ ಗುಣ. ಒಪ್ಪಿಕೊಂಡ ಮಾತ್ರಕ್ಕೆ ದೋಷ ತುಂಬಿಬರುವುದಿಲ್ಲ.

1966ರಲ್ಲಿ ಕ್ಲಿಫರ್ಡ್ ಗೀರ್ಟ್ಜ್ ಧರ್ಮವನ್ನು ಸಂಕೇತಗಳ ವ್ಯವಸ್ಥೆ ಎಂದು ವಿವರಿಸಿದ. ಲೋಕದ ಕ್ರಮದ ಬಗ್ಗೆ ಒಂದು ಕಲ್ಪನೆ ಕೊಟ್ಟು, ಅದು ವಾಸ್ತವವೇ ಎನ್ನಿಸುವಂತೆ ಮಾಡಿ, ಮನಸ್ಸಿನಲ್ಲಿ ಬಲವಾದ ಭಾವಗಳನ್ನು ನೆಲೆಗೊಳಿಸುವಂಥದ್ದು ಎಂದು ಅದರ ತಾತ್ಪರ್ಯ. ಸಾವು, ಅನ್ಯಾಯ, ನೋವುಗಳ ಎದುರು ಜನ ಹುಡುಕುವ ಅರ್ಥವನ್ನು ಇದು ಚೆನ್ನಾಗಿ ಹಿಡಿಯುತ್ತದೆ. 1993ರಲ್ಲಿ ತಲಾಲ್ ಅಸದ್ ಎತ್ತಿದ ಆಕ್ಷೇಪವೂ ಅಷ್ಟೇ ಗಟ್ಟಿ. ಧರ್ಮವೆಂದರೆ ಮನಸ್ಸಿನೊಳಗಿನ ಅರ್ಥ, ನಂಬಿಕೆ ಎನ್ನುವುದೇ ಯುರೋಪಿನ ಕ್ರೈಸ್ತ ಇತಿಹಾಸದ ಕೂಸು. ಎಲ್ಲ ಕಾಲ, ಎಲ್ಲ ದೇಶಗಳಿಗೆ ಒಪ್ಪುವ ವ್ಯಾಖ್ಯೆ ಸಾಧ್ಯವಿಲ್ಲ, ಏಕೆಂದರೆ ವ್ಯಾಖ್ಯೆ ಮಾಡುವ ಅಧಿಕಾರ ಯಾರದು ಎಂಬುದೇ ಇತಿಹಾಸದ ಭಾಗ ಎಂದ ಅಸದ್.

ಇದೇ ದಿಕ್ಕಿನಲ್ಲಿ ಇನ್ನೂ ಮುಂದೆ ಹೋದವರು ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದಲ್ಲಿ ಬೋಧಿಸಿದ ಕನ್ನಡಿಗ ಎಸ್.ಎನ್.ಬಾಲಗಂಗಾಧರ. 1994ರ ಗ್ರಂಥದಲ್ಲಿ ಅವರು ರಿಲಿಜನ್ ಎಂಬುದು ಎಲ್ಲ ಸಂಸ್ಕೃತಿಗಳಲ್ಲಿ ಇರುವ ವಸ್ತುವೇ ಅಲ್ಲ, ಭಾರತದ ಸಂಪ್ರದಾಯಗಳು ರಿಲಿಜನ್ ಅಲ್ಲ ಎಂದು ವಾದಿಸಿದರು. ರಾಜಾರಾಮ ಹೆಗಡೆಯವರ ಮೂಲಕ 'ಸ್ಮೃತಿ-ವಿಸ್ಮೃತಿ' ಎಂಬ ಹೆಸರಿನಲ್ಲಿ ಇದು ಕನ್ನಡಕ್ಕೆ ಬಂದಿದೆ. ನಮ್ಮ ಆಚರಣೆಗಳಿಗೆ ಸಿದ್ಧಾಂತದ ಬೆನ್ನೆಲುಬು ಬೇಕಿಲ್ಲ ಎಂಬ ಅವರ ಒಳನೋಟ ಅಜ್ಜಿಯ ಮಾತಿಗೆ ಹೊಂದುತ್ತದೆ. ಆದರೆ ಕ್ರೈಸ್ತ ಮಾದರಿಯನ್ನೇ ಅಳತೆಗೋಲಾಗಿ ಹಿಡಿದು, ಆ ಅಳತೆಗೆ ಭಾರತ ಸಿಗುವುದಿಲ್ಲ ಎನ್ನುವುದು ಪ್ಲೂಟೊ ಪ್ರಸಂಗದಂತೆಯೇ ಆಗುತ್ತದೆ. ಹೆಸರು ತೆಗೆದರೂ ಕಾಯ ಕಕ್ಷೆಯಲ್ಲೇ ಇರುತ್ತದೆ. ಗುಡಿಯ ಹೊರಗೆ ನಿಂತವನಿಗೆ ಒಳಗಿರುವುದು ರಿಲಿಜನ್ನೋ ಸಂಪ್ರದಾಯವೋ ಎಂಬುದರಿಂದ ಬಾಗಿಲು ತೆರೆಯುವುದಿಲ್ಲ.

ಕಾನೂನಿಗೂ ಬೇಕು ವ್ಯಾಖ್ಯೆ

ಇದು ಕೇವಲ ವಿದ್ವಾಂಸರ ಚರ್ಚೆಯಲ್ಲ. 1954ರಲ್ಲಿ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಧರ್ಮಕ್ಕೆ ದೇವರ ನಂಬಿಕೆ ಅನಿವಾರ್ಯವಲ್ಲ ಎಂದು ಬೌದ್ಧ, ಜೈನ ಧರ್ಮಗಳನ್ನು ಉದಾಹರಿಸಿ ಹೇಳಿತು. ಆಚರಣೆಗಳೂ ಧರ್ಮದ ಭಾಗವಾಗಬಹುದು ಎಂದಿತು. ಟೈಲರನ ಕೋಲನ್ನು ನ್ಯಾಯಾಲಯ ಅಂದೇ ಬದಿಗಿಟ್ಟಿತ್ತು. 2018ರಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಸಮಿತಿ ಲಿಂಗಾಯತ ಪ್ರತ್ಯೇಕ ಧರ್ಮವೇ ಎಂಬ ಪ್ರಶ್ನೆಗೆ ವರದಿ ಕೊಟ್ಟಾಗಲೂ ನಾಡಿನ ತುಂಬ ನಡೆದದ್ದು ಅಳತೆಗೋಲಿನ ಜಗಳವೇ.

ಮೌಢ್ಯ ನಿಷೇಧ ಕಾನೂನೆಂದು ಜನ ಕರೆಯುವ, 2017ರಲ್ಲಿ ವಿಧಾನಮಂಡಲ ಒಪ್ಪಿ 2020ರ ಜನವರಿಯಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ಕಾಯಿದೆಯನ್ನು ಗಮನಿಸಿ. ಯಾವ ನಂಬಿಕೆ ಸುಳ್ಳು ಎಂದು ಅದು ತೀರ್ಮಾನಿಸಲು ಹೋಗುವುದಿಲ್ಲ. ಎಂಜಲೆಲೆಯ ಮೇಲೆ ಉರುಳುವುದು, ಹಾವು-ಚೇಳು ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದು ಮುಂತಾದ ಕೃತ್ಯಗಳನ್ನು ಪಟ್ಟಿಮಾಡಿ ನಿಷೇಧಿಸುತ್ತದೆ. ಪ್ರದಕ್ಷಿಣೆ, ಯಾತ್ರೆ, ಹರಿಕಥೆಗಳನ್ನು ಹೊರಗಿಡುತ್ತದೆ. ಜ್ಯೋತಿಷ್ಯ, ವಾಸ್ತು ಸಲಹೆಯನ್ನೂ ಹೊರಗಿಟ್ಟದ್ದಕ್ಕೆ ನನ್ನಂಥವರಿಗೆ ಬೇಸರವಿದೆ. ಆದರೆ ಅದರ ಕ್ರಮದಲ್ಲಿ ಒಂದು ವಿವೇಕವಿದೆ. ಅದು ಕೇಳುವ ಪ್ರಶ್ನೆ, 'ಇದು ನಿಜವೇ?' ಎಂದಲ್ಲ, 'ಇದರಿಂದ ಯಾರಿಗೆ ಪೆಟ್ಟು?' ಎಂದು.

ಹಾಗೆಂದು ನಿಜದ ಪ್ರಶ್ನೆಯನ್ನು ನಾವು ಬಿಟ್ಟುಕೊಡಬೇಕಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಅಂದಾಜಿದೆ. ಅಂದರೆ ವರ್ಷಕ್ಕೆ ಸರಾಸರಿ 58,000. ಮಂತ್ರದಿಂದ ವಿಷ ಇಳಿಯುತ್ತದೆ ಎಂಬುದು ಲೋಕದ ಬಗ್ಗೆ ಮಾಡಿದ ಹೇಳಿಕೆ. ಅದನ್ನು ಪರೀಕ್ಷಿಸಬಹುದು, ಅದು ಸುಳ್ಳು, ಹಾಗೆಂದು ಗಟ್ಟಿಯಾಗಿ ಹೇಳಬೇಕು. ಮನೆದೇವರಿಗೆ ಮುಡಿ ಕೊಡುವುದು ಹೇಳಿಕೆಯಲ್ಲ, ನಂಟು. ಅದಕ್ಕೆ ಪ್ರಯೋಗಶಾಲೆಯ ಉತ್ತರ ಕೊಡಲು ಹೋದರೆ ನಾವು ನಗೆಪಾಟಲಾಗುತ್ತೇವೆ. ಹೇಳಿಕೆ ಯಾವುದು, ನಂಟು ಯಾವುದು, ಪೆಟ್ಟು ಯಾವುದು ಎಂದು ಬಿಡಿಸಿ ನೋಡಲು ಕಲಿಸುವುದೇ ಮಾನವಶಾಸ್ತ್ರದಿಂದ ವಿಜ್ಞಾನ ಶಿಕ್ಷಕರು ಪಡೆಯಬಹುದಾದ ಲಾಭ. ಈ ಮೂರನ್ನೂ ಒಂದೇ ಬಾರಿಗೆ ಅಳೆಯುವ ಕೋಲು ಮೇಲಿನ ಯಾವ ವ್ಯಾಖ್ಯೆಯಲ್ಲೂ ಇಲ್ಲ. ಆದ್ದರಿಂದ ಒಂದೇ ವ್ಯಾಖ್ಯೆಗೆ ಅಂಟಿಕೊಳ್ಳುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ತರಗತಿಗೊಂದು ಚಟುವಟಿಕೆ

ಶಿಕ್ಷಕ ಮಿತ್ರರು ಮಕ್ಕಳಿಗೆ ಒಂದು ಸಣ್ಣ ಕ್ಷೇತ್ರಕಾರ್ಯ ಕೊಡಬಹುದು. ತಮ್ಮ ಮನೆಯ ಒಂದು ಆಚರಣೆಯನ್ನು ಆರಿಸಿಕೊಳ್ಳಲಿ. ಅದನ್ನು ಯಾರು ಮಾಡುತ್ತಾರೆ, ಯಾರು ಮಾಡುವಂತಿಲ್ಲ, ಯಾರಿಗೆ ವಿನಾಯಿತಿ ಇದೆ, ಅಜ್ಜಿಯ ಕಾಲದಿಂದ ಏನು ಬದಲಾಗಿದೆ, ಇದರಿಂದ ಯಾರಿಗಾದರೂ ತೊಂದರೆಯಿದೆಯೇ ಎಂಬ ಐದು ಪ್ರಶ್ನೆ ಕೇಳಿ ಬರೆದು ತರಲಿ. 'ಏಕೆ ನಂಬುತ್ತೀರಿ?' ಎಂಬ ಪ್ರಶ್ನೆ ಮಾತ್ರ ಬೇಡ. ಬಂದ ಉತ್ತರಗಳಲ್ಲಿ ಲೋಕದ ಬಗೆಗಿನ ಹೇಳಿಕೆಗಳನ್ನು ಬೇರೆ ಮಾಡಿ, ಅವುಗಳಲ್ಲಿ ಪರೀಕ್ಷಿಸಬಹುದಾದುವನ್ನು ತರಗತಿಯಲ್ಲೇ ಪರೀಕ್ಷಿಸಲಿ.

ಮೂರನೆಯ ಪ್ರಶ್ನೆಯನ್ನು ನಾನು ಕಲಿತದ್ದು ಆಶಾ ಕಾರ್ಯಕರ್ತೆಯೊಬ್ಬರಿಂದ. 2022ರ ಅಕ್ಟೋಬರ್ 25ರ ಸಂಜೆ ಮತ್ತೆ ಪಾರ್ಶ್ವ ಸೂರ್ಯಗ್ರಹಣ. ಅದೇ ಮನೆಯಲ್ಲಿ ಈ ಸಲ ಕಿರಿಯ ಸೊಸೆ ಬಸುರಿ. ಕಾರ್ಯಕರ್ತೆ ಹಿಂದಿನ ದಿನವೇ ಹೋಗಿ ಅಜ್ಜಿಯ ಪಕ್ಕ ಕುಳಿತು, "ಅವ್ವ, ನಿಮ್ಮನೇಲಿ ಬಸುರಿ ಹೆಣ್ಮಕ್ಳು ಶಿವರಾತ್ರಿ ಉಪಾಸ ಮಾಡ್ತಾರಾ?" ಎಂದು ಕೇಳಿದರಂತೆ. "ಎಲ್ಲಾರಾ ಉಂಟಾ, ಬಸುರೀನ ಹಸಿವು ಕಟ್ಟಿಸ್ತಾರಾ?" ಎಂದರಂತೆ ಅಜ್ಜಿ. "ಶಿವನ್ಗೇ ಇಲ್ದಿರೋ ಉಪಾಸ ಗ್ರಾಣಕ್ಯಾಕೆ?" ಎಂದದ್ದಕ್ಕೆ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತಟ್ಟೆಗೆ ಒಂದು ಎಳೆ ದರ್ಭೆ ಹಾಕಿ ಕೊಡುವುದಾಗಿ ಒಪ್ಪಿದರು.

ದರ್ಭೆಯ ಬಗ್ಗೆ ನನಗೆ ಹೇಳಬೇಕೆನಿಸಿದ್ದು ಬಹಳವಿತ್ತು. ಸೊಸೆ ಊಟ ಮಾಡಿದಳೆಂದು ಕೇಳಿ ಸುಮ್ಮನಾದೆ.